ಒಂಬತ್ತು ಗಂಟೆ ಹತ್ತು ನಿಮಿಷ

ಅವರ ಬೆರಳುಗಳಿಗೆ ಉಗುರು ಇದ್ದಂತೆಯೇ ಕಾಣುತ್ತಿರಲಿಲ್ಲ. ಬೆಳ್ಳಗಿನ ಅಂಚು ಒಂದಿಷ್ಟೂ ಉಳಿಯದ ಹಾಗೆ ಮಾಂಸದವರೆಗೆ ಕತ್ತರಿಸಿ, ಬಚ್ಚಲ ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಂಡಿರುತ್ತಿದ್ದರು. ಸ್ಪಿರಿಟ್ಟಿನಲ್ಲೂ ಕೆಂಪು ಸೋಪಿನಲ್ಲೂ ಒಂದು ಆಯುಷ್ಯವೆಲ್ಲ ನೆಂದ ಆ ಬೆರಳುಗಳು ಏಪ್ರಿಲ್ ಬಿಸಿಲಿನಲ್ಲೂ ತಣ್ಣಗಿರುತ್ತಿದ್ದವು. ವಾಚನ್ನು ಮುಖ ಒಳಗಾಗುವಂತೆ ಮಣಿಕಟ್ಟಿಗೆ ಕಟ್ಟುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಸೋಪು ಕೇಳುತ್ತಿದ್ದರು. ಆಮೇಲೆ ಗೋಡೆಯ ಗಡಿಯಾರವನ್ನೂ ತಮ್ಮ ವಾಚನ್ನೂ ನೋಡಿ, ವ್ಯತ್ಯಾಸವಿದ್ದರೆ ಮನೆಯವರ ಕೈಯಲ್ಲಿ ಗಡಿಯಾರ ಇಳಿಸಿ ಸರಿ ಮಾಡಿಸುತ್ತಿದ್ದರು.

ಮೂಡಲಪಾಳ್ಯದ ನಮ್ಮ ರಸ್ತೆಯಲ್ಲಿ ಎಲ್ಲರಿಗೂ ಅವರು ಸಿಸ್ಟರ್. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ, ನೆಲಮಹಡಿಯ ಒಂದು ಸಣ್ಣ ಪೋರ್ಷನ್ನಿನಲ್ಲಿ ಒಬ್ಬರೇ ಇದ್ದರು. ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವುದು, ಆಪರೇಷನ್ ಆದವರ ಗಾಯಕ್ಕೆ ಪಟ್ಟಿ ಬದಲಿಸುವುದು ಅವರ ಕೆಲಸ. ಎಲ್ಲೂ ಒಂದು ಲೋಟ ಟೀ ಕುಡಿಯುತ್ತಿರಲಿಲ್ಲ. ರೆಕ್ಸಿನ್ ಚೀಲದಲ್ಲಿ ತಮ್ಮದೇ ನೀರಿನ ಬಾಟಲಿ ಇರುತ್ತಿತ್ತು. ಜಂಬ ಎಂದು ಕೆಲವರು, ಮಡಿ ಎಂದು ಕೆಲವರು ತಿಳಿದಿದ್ದರು.

ಕೀವು, ವಾಂತಿ, ರಕ್ತ ಯಾವುದಕ್ಕೂ ಅವರು ಮುಖ ಕಿವುಚಿದ್ದನ್ನು ನಾನು ನೋಡಿಲ್ಲ. ಕಿವುಚುತ್ತಿದ್ದುದು ಮಾತಿಗೆ. ಯಾರಾದರೂ ಕಾಯಿಲೆಯವರ ಎದುರಿಗೆ ಕನಿಕರದ ದನಿ ತೆಗೆದರೆ ಅವರ ಮೂಗಿನ ಎಡ ಹೊಳ್ಳೆ ಮೇಲಕ್ಕೇರಿ, ಬಾಯಿ ಒಂದು ಕಡೆಗೆ ಎಳೆದುಕೊಳ್ಳುತ್ತಿತ್ತು. "ಗಲೀಜು" ಎನ್ನುತ್ತಿದ್ದರು. ಜೋರಾಗಿ ಅಲ್ಲ, ನೆಲದ ಮೇಲೆ ಚೆಲ್ಲಿದ್ದನ್ನು ತೋರಿಸುವವರ ಹಾಗೆ.

ಅಸಹ್ಯಪಡುವುದರಲ್ಲಿ ನಾನು ಅವರ ಶಿಷ್ಯೆ. ಮಗು ಹುಟ್ಟುವ ಮುಂಚಿನ ಆ ನಾಲ್ಕು ವರ್ಷ ನೆನಪಾದರೆ ದುಃಖ ಬರುವುದು ಆಮೇಲೆ. ಮೊದಲು ಗಂಟಲಿಗೆ ಬರುವುದು ವಾಕರಿಕೆ.

ನನ್ನ ಮೊದಲನೆಯ ಗರ್ಭ ಒಂಬತ್ತನೇ ವಾರದಲ್ಲಿ ಹೋಯಿತು, ಎರಡನೆಯದು ಹನ್ನೊಂದರಲ್ಲಿ. ಎರಡು ಸಲವೂ ವೈದ್ಯರು ಇದು ಆಕಸ್ಮಿಕ, ವಯಸ್ಸಿದೆ, ಮತ್ತೆ ಪ್ರಯತ್ನಿಸಿ ಎಂದರು. ನಾನು ವಿಜಯನಗರದ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಆಕಸ್ಮಿಕ ಎಂಬ ಮಾತನ್ನು ಎಷ್ಟು ಸಲ ನಂಬಬಹುದು ಎನ್ನುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಮಿತಿಯಿದೆ. ಆದರೂ ತಲೆಯಾಡಿಸಿ ಎದ್ದು ಬಂದೆ. ಮೂರನೆಯದು ಐದನೇ ತಿಂಗಳವರೆಗೆ ಬಂತು. ಒಳಗೆ ಹೊರಳುವುದು ಗೊತ್ತಾಗತೊಡಗಿತ್ತು. ಒಂದು ಸೋಮವಾರ ಹೊರಳಲಿಲ್ಲ.

ಹೆರಿಗೆ ಮಾಡಿಸಿ ತೆಗೆದ ಮೇಲೆ ನನ್ನನ್ನು ಬಾಣಂತಿಯರ ವಾರ್ಡಿನಲ್ಲೇ ಮಲಗಿಸಿದರು. ಬೇರೆ ಕಡೆ ಹಾಸಿಗೆ ಇರಲಿಲ್ಲವಂತೆ. ಎರಡನೇ ದಿನ ಪಕ್ಕದ ಹಾಸಿಗೆಯ ಹುಡುಗಿಯ ಮಾವ ವಾರ್ಡಿನ ಉದ್ದಕ್ಕೂ ಪೇಡ ಹಂಚುತ್ತ ಬಂದವರು, ನನ್ನ ಪಕ್ಕದಲ್ಲಿ ತೊಟ್ಟಿಲಿಲ್ಲದ್ದನ್ನು ನೋಡದೆ, ನನ್ನ ಅಂಗೈಯಲ್ಲೂ ಒಂದನ್ನಿಟ್ಟು ಹೋದರು. ತುಪ್ಪ ಕರಗಿ ಬೆರಳ ಸಂದಿಗೆ ಇಳಿಯಿತು. ಅದೇ ಹೊತ್ತಿಗೆ ಎದೆಯಲ್ಲಿ ಹಾಲು ಬಂದು ನೈಟಿ ಒದ್ದೆಯಾಗಿತ್ತು. ಎರಡೂ ವಾಸನೆ ಬೆರೆತು ಮೂಗಿಗೆ ಬಂತು. ಇವತ್ತಿಗೂ ಯಾರಾದರೂ ಪೇಡದ ಡಬ್ಬ ತೆರೆದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಮನೆಗೆ ಬಂದ ಮೇಲೆ ನೋಡುವುದಕ್ಕೆ ಬರುವವರು ಶುರುವಾದರು. ನಮ್ಮ ಅತ್ತೆ ದಾವಣಗೆರೆಯವರು. ಬಂದವರನ್ನು ಬಾಯಿಗೆ ಏನೂ ಹಾಕದೆ ಕಳಿಸುವವರಲ್ಲ. ಹೀಗಾಗಿ ಬಂದವರೆಲ್ಲ ನನ್ನ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು, ಕರಿದದ್ದು ತಿನ್ನುತ್ತ ನನ್ನ ಗರ್ಭಕೋಶದ ಬಗ್ಗೆ ಮಾತಾಡಿದರು. ಹಿಡಿಯುವ ಶಕ್ತಿ ಇಲ್ಲ ಎಂದರು. ಓದುವಾಗ ಸ್ಕೂಟಿ ಓಡಿಸಿದ್ದಕ್ಕೆ ಎಂದರು. ಮೇಲಿನ ಮನೆಯಾಕೆ ಯಾವುದೋ ಸೊಪ್ಪು ಅರೆದು ತಂದಿದ್ದ ಹಸಿರು ರಸ ಲೋಟದಲ್ಲಿ ಹಳಸಿ ನೊರೆ ಬಂದಿತ್ತು. ಅತ್ತೆಯ ದೂರದ ನೆಂಟರೊಬ್ಬರು ಚಕ್ಕುಲಿ ಮುರಿಯುತ್ತ, ದನಿ ತಗ್ಗಿಸಿ, ನೋಡಿದೆಯಾ, ಆಕಾರ ಬಂದಿತ್ತಾ ಎಂದು ಕೇಳಿದರು. ಚಕ್ಕುಲಿಯ ಪುಡಿ ಅವರ ತುಟಿಗೆ ಅಂಟಿತ್ತು. ನಾನು ಆ ಪುಡಿಯನ್ನೇ ನೋಡುತ್ತ ಮಲಗಿದ್ದೆ.

ಆ ಹೊತ್ತಿಗೆ ಸಿಸ್ಟರ್ ಬಾಗಿಲಲ್ಲಿದ್ದರು. ಸೋಂಕಾಗದಿರಲೆಂದು ಬರೆದಿದ್ದ ಇಂಜೆಕ್ಷನ್ ಕೊಡುವುದಕ್ಕೆ ನನ್ನ ಗಂಡ ಅವರನ್ನು ಕರೆದಿದ್ದರು. ಅವರ ಮೂಗಿನ ಹೊಳ್ಳೆ ಮೇಲೇರಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

"ಚಕ್ಲಿ ಮುಗೀತಾ?" ಎಂದು ಆ ನೆಂಟರನ್ನು ಕೇಳಿದರು. "ಮುಗಿದಿದ್ರೆ ಏಳಿ. ಹೊರಗೆ ನಲ್ಲಿ ಇದೆ, ಬಾಯಿ ತೊಳ್ಕೊಳ್ಳಿ."

ಕೋಣೆ ಖಾಲಿಯಾಯಿತು. ಹಸಿರು ರಸದ ಲೋಟವನ್ನು ಎರಡು ಬೆರಳಲ್ಲಿ ಎತ್ತಿ ಬಚ್ಚಲಿಗೆ ಚೆಲ್ಲಿ ಬಂದರು. ಕೈ ತೊಳೆದರು. ಅಯ್ಯೋ ಎನ್ನಲಿಲ್ಲ, ತಲೆ ಸವರಲಿಲ್ಲ. ಎಷ್ಟನೆಯದು, ಯಾವ ವಾರ ಎಂದಷ್ಟೇ ಕೇಳಿದರು. ನಾನು ಹೇಳತೊಡಗಿದೆ: ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿತ್ತು, ನಿಂತೇ ಇರಬೇಕಾಗಿ ಬಂದಿತ್ತು, ಬಹುಶಃ ನಾನೇ... ಅವರು ಸಿರಿಂಜನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವರು ತಿರುಗದೆ ಹೇಳಿದರು.

"ಟೈಮ್ ಹೇಳು. ಕಥೆ ಹೇಳ್ಬೇಡ."

ವಾರಗಳನ್ನು ಹೇಳಿದೆ. ಒಂಬತ್ತು, ಹನ್ನೊಂದು, ಇಪ್ಪತ್ತು. ಅವರು ಸೂಜಿ ಕೊಟ್ಟು, ಹತ್ತಿ ಒತ್ತಿ ಹಿಡಿದು, ರಕ್ತ ಬೇಗ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಿದರು. ಯಾರೂ ಆ ಹೆಸರೇ ಎತ್ತಿರಲಿಲ್ಲ. ಆಗ ಅವರು ತಮ್ಮ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದು ನನ್ನ ದಿಂಬಿನ ಕೆಳಗೆ ಇಟ್ಟರು. ಒಂದು ಸಲ ಮಾಡಿಸಿದರೆ ಸಾಲದು, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಬೇಕು, ಎರಡು ಸಲವೂ ಪಾಸಿಟಿವ್ ಬಂದರೆ ಮಾತ್ರ ಖಚಿತ ಎಂದರು. ವಾರ್ಡಿನಲ್ಲಿ ಇಂಥವರನ್ನು ತುಂಬ ಜನ ನೋಡಿದ್ದೇನೆ, ಯಾರಿಗೂ ಸ್ಕೂಟಿ ಕಾರಣವಾಗಿರಲಿಲ್ಲ ಎಂದೂ ಹೇಳಿದರು. ಹೊರಗಿನ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು.

ಎರಡು ಸಲವೂ ಬಂತು. ರಾಜಾಜಿನಗರದಲ್ಲಿ ಹೊಸ ವೈದ್ಯೆಯೊಬ್ಬರನ್ನು ಕಂಡೆವು. ಮಾಸಿನ ಸಣ್ಣ ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿ ಮಗುವಿಗೆ ರಕ್ತ ತಲುಪದೆ ಹೋಗಿದೆ ಎಂದು ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮುಂದಿನ ಸಲಕ್ಕೆ ಮೊದಲೇ ಯೋಜನೆ ಆಯಿತು: ದಿನಕ್ಕೊಂದು ಪುಟ್ಟ ಮಾತ್ರೆ, ಗರ್ಭ ನಿಂತದ್ದು ಗೊತ್ತಾದ ದಿನದಿಂದ ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಪ್ರತಿದಿನ ಇಂಜೆಕ್ಷನ್, ಹೆರಿಗೆಯವರೆಗೆ, ಹೆರಿಗೆಯಾಗಿ ಆರು ವಾರದವರೆಗೆ ಮತ್ತೆ ಅದೇ. ಕೇಳುವುದಕ್ಕೆ ಸುಲಭ.

ನಾಲ್ಕನೆಯದು ನಿಂತ ಮೇಲೆ ಚುಚ್ಚಿಕೊಳ್ಳುವುದನ್ನು ಸಿಸ್ಟರ್ ಕಲಿಸಿದರು. ಹೊಕ್ಕುಳಿಂದ ಮೂರು ಬೆರಳು ದೂರ, ಚರ್ಮವನ್ನು ಚಪಾತಿ ಹಿಟ್ಟಿನ ಹಾಗೆ ಹಿಡಿದು ನೆಟ್ಟಗೆ ಚುಚ್ಚಬೇಕು. ಸಿರಿಂಜಿನೊಳಗಿನ ಗಾಳಿಯ ಗುಳ್ಳೆ ತೆಗೆಯಬಾರದು. ಆದ ಮೇಲೆ ಉಜ್ಜಬಾರದು. ಮೊದಲ ವಾರ ನಾನು ಉಜ್ಜಿದೆ. ಹೊಟ್ಟೆಯ ಮೇಲೆ ನೇರಳೆ, ಹಳದಿ, ಕೊಳೆತ ಹಣ್ಣಿನ ಬಣ್ಣದ ಕಲೆಗಳು ಎದ್ದವು. ಸ್ನಾನಕ್ಕೆ ಹೋದರೆ ಕೆಳಗೆ ನೋಡುತ್ತಿರಲಿಲ್ಲ. ನನ್ನ ದೇಹವೇ ನನಗೆ ಯಾರೋ ಬಿಟ್ಟುಹೋದ ಚೀಲದಂತಿತ್ತು. ಒಳಗೆ ಇರುವುದು ಕೊಳೆಯದಿರಲಿ ಎಂದು ಹೊರಗಿನಿಂದ ಮದ್ದು ಚುಚ್ಚುವುದು. ಹಾಗೆಂದು ಸಿಸ್ಟರಿಗೆ ಹೇಳಿದ ದಿನ ಅವರು ನನ್ನ ಹೊಟ್ಟೆಯನ್ನು ತಣ್ಣನೆಯ ಬೆರಳಿನಿಂದ ಸುತ್ತ ಮುಟ್ಟಿ ನೋಡಿ, "ಚರ್ಮ ಕಣಮ್ಮ ಇದು. ಬಣ್ಣ ಹೋಗುತ್ತೆ" ಎಂದರು.

ಪ್ರತಿ ಇಂಜೆಕ್ಷನ್ನಿನ ಹೊತ್ತನ್ನು ಬರೆದಿಡಬೇಕು ಎಂಬುದು ಅವರ ಕಟ್ಟಪ್ಪಣೆ. ಫೋನಿನಲ್ಲಿ ಬರೆದುಕೊಳ್ಳುತ್ತೇನೆ ಎಂದರೆ ಒಪ್ಪಲಿಲ್ಲ. ಮನೆಯ ಎಲ್ಲರ ಕಣ್ಣಿಗೆ ಬೀಳಬೇಕು ಎಂದರು. ಅಡುಗೆಮನೆಯ ಬಾಗಿಲ ಹಿಂದೆ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಒಂದೊಂದು ದಿನದ ಚೌಕದಲ್ಲೂ ತಿಥಿ, ನಕ್ಷತ್ರ, ರಾಹುಕಾಲ ಸಣ್ಣ ಅಕ್ಷರದಲ್ಲಿ ತುಂಬಿಕೊಂಡಿರುತ್ತವಲ್ಲ, ಅವುಗಳ ಪಕ್ಕದ ಇಷ್ಟೇ ಜಾಗದಲ್ಲಿ ನೀಲಿ ಪೆನ್ನಿನಲ್ಲಿ ಎಡಕ್ಕೆ 'ಎ', ಬಲಕ್ಕೆ 'ಬ', ಅದರ ಮುಂದೆ ಗಂಟೆ, ನಿಮಿಷ. ಅತ್ತೆ ಅದೇ ಚೌಕದಲ್ಲಿ ಸಂಕಷ್ಟಿ, ಅಮಾವಾಸ್ಯೆ ನೋಡುತ್ತಿದ್ದರು. ಒಂದೇ ಹಾಳೆಯನ್ನು ಇಬ್ಬರೂ ದಿನವೂ ಓದುತ್ತಿದ್ದರು. ಒಬ್ಬರು ಓದಿದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ.

ಆರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸಿಸ್ಟರ್ ಹೊಟ್ಟೆ ಬಿಟ್ಟು ನನ್ನ ಪಾದ ನೋಡುತ್ತ ನಿಂತರು. ಎಡಗಾಲಿನಲ್ಲಿ ಮಾತ್ರ ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿದೆ ಎಂದರು. ಬಸುರಿಗೆ ಕಾಲು ಊದುವುದು ಇದ್ದದ್ದೇ ಎಂದರು ಅತ್ತೆ. "ಎರಡೂ ಊದ್ಬೇಕಲ್ಲಮ್ಮ. ಒಂದಕ್ಕೆ ಯಾಕೆ ಪಕ್ಷಪಾತ?" ಎಂದು ಸಿಸ್ಟರ್ ಆಗಲೇ ಆಟೋ ಹಿಡಿಸಿದರು. ಮೀನಖಂಡದ ಒಳಗಿನ ನಾಳದಲ್ಲಿ ಹೆಪ್ಪು ಸಿಕ್ಕಿತು. ಮದ್ದಿನ ಪ್ರಮಾಣ ಹೆಚ್ಚಿತು, ದಿನಕ್ಕೆ ಎರಡು ಸಲವಾಯಿತು. ಬೆಳಿಗ್ಗೆ ಒಂಬತ್ತರದು ಸಿಸ್ಟರ್ ಕೊಡುವುದು, ಸಂಜೆಯದು ನಾನೇ.

ಏಳನೇ ತಿಂಗಳಲ್ಲಿ ಹಸಿರು ಬಳೆ ತೊಡಿಸುವ ಶಾಸ್ತ್ರಕ್ಕೆ ಅತ್ತೆ ನೆಂಟರನ್ನು ಕರೆದರು. ಬೇಡ ಎನ್ನುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಆರತಿಯ ಸಾಲಿನಲ್ಲಿದ್ದ ಯಾರೋ ಒಬ್ಬರು, ದಿನಾ ಚುಚ್ಚುತ್ತಾರಂತಲ್ಲ ಎಲ್ಲಿ ನೋಡೋಣ ಎಂದು ನನ್ನ ಸೆರಗಿನ ಕೆಳಗೆ ಕೈ ಹಾಕಿ ಸೀರೆ ಸರಿಸಿದರು. ಇನ್ನೊಬ್ಬರ ಫೋನು ಮೇಲೆದ್ದಿತು. ಸಂಜೆಗೆ ನನ್ನ ಹೊಟ್ಟೆ ನೆಂಟರ ವಾಟ್ಸಾಪ್ ಗುಂಪಿನಲ್ಲಿತ್ತು, ಕೈಮುಗಿದ ಚಿಹ್ನೆಗಳೊಂದಿಗೆ. ನಾನು ಕೋಣೆಗೆ ಹೋಗಿ ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದಿಟ್ಟೆ. ಮರುದಿನ ಬರಿಗೈ ನೋಡಿದ ಸಿಸ್ಟರ್, ಒಳ್ಳೆಯದಾಯಿತು, ಬಳೆ ಚೂರು ಚುಚ್ಚಿದರೆ ಈ ಮದ್ದಿನಲ್ಲಿ ನಿನಗೆ ರಕ್ತ ನಿಲ್ಲುವುದು ಕಷ್ಟ ಎಂದರು.

ಮಗು ಸಣ್ಣದಿತ್ತು, ತಲೆ ಮೇಲಾಗಿ ಕೂತಿತ್ತು. ಮೂವತ್ತೆಂಟನೇ ವಾರ ತುಂಬಿದ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಪರೇಷನ್ ಎಂದು ವೈದ್ಯೆ ಗೊತ್ತುಮಾಡಿದರು. ಬೆನ್ನಿಗೆ ಅರಿವಳಿಕೆ ಕೊಡುವಾಗ ಕೊನೆಯ ಇಂಜೆಕ್ಷನ್ ಆಗಿ ಇಪ್ಪತ್ನಾಲ್ಕು ಗಂಟೆಯಾದರೂ ಕಳೆದಿರಬೇಕು. ಇಲ್ಲದಿದ್ದರೆ ಬೆನ್ನುಹುರಿಯ ಪಕ್ಕ ರಕ್ತ ಸೋರಿ ಕಾಲಿನ ಸ್ವಾಧೀನ ಹೋಗಬಹುದು. ಹೀಗೆ ಬುಧವಾರ ಬೆಳಿಗ್ಗೆ ಒಂಬತ್ತರದು ಕೊನೆಯದೆಂದಾಯಿತು. ಸಿಸ್ಟರ್ ಬಂದು ಕೊಟ್ಟರು, ಚೌಕದಲ್ಲಿ ಬರೆದರು: ಬ, ಒಂಬತ್ತು ಹತ್ತು.

ಅದೇ ಬೆಳಿಗ್ಗೆ ಅತ್ತೆ ಬಸವೇಶ್ವರನಗರದ ಜೋಯಿಸರ ಹತ್ತಿರ ಹೋಗಿದ್ದರು. ಗುರುವಾರ ಬೆಳಿಗ್ಗೆ ಏಳರವರೆಗೆ ಪುಷ್ಯ ನಕ್ಷತ್ರ. ಗುರುವಾರ ಪುಷ್ಯ ಬಂದರೆ ಅದಕ್ಕಿಂತ ಶ್ರೇಷ್ಠವಾದ ಗಳಿಗೆ ಇಲ್ಲವಂತೆ. ಏಳು ದಾಟಿದರೆ ಆಶ್ಲೇಷಾ. ಆಶ್ಲೇಷಾದಲ್ಲಿ ಹುಟ್ಟಿದ ಹೆಣ್ಣು ಹೋದ ಮನೆಯ ಅತ್ತೆಗೆ ಆಗಿಬರುವುದಿಲ್ಲ ಎಂದು ನಂಬುವವರು ನಮ್ಮ ನೆಂಟರಲ್ಲೇ ತುಂಬಿದ್ದಾರೆ. ಜಾತಕ ನೋಡಿ ಅಲ್ಲಿಗೇ ಮದುವೆಯ ಮಾತು ನಿಲ್ಲಿಸುತ್ತಾರೆ. ಅತ್ತೆ ಸೀದಾ ಆಸ್ಪತ್ರೆಗೆ ಬಂದರು. ಮಧ್ಯಾಹ್ನ ನನ್ನನ್ನು ಸೇರಿಸಿಕೊಳ್ಳುವಾಗ, ಬೆಳಿಗ್ಗೆ ಆರು ಹತ್ತಕ್ಕೆ ಮಾಡಿಕೊಡಿ ಎಂದು ವೈದ್ಯೆಯನ್ನು ಬೇಡಿಕೊಂಡರು. ಇಂಥ ಬೇಡಿಕೆ ವೈದ್ಯೆಗೆ ಹೊಸದಲ್ಲ. ಥಿಯೇಟರ್ ಆ ಹೊತ್ತಿಗೆ ಖಾಲಿ ಇದೆ, ಆದರೆ ಕೊನೆಯ ಇಂಜೆಕ್ಷನ್ ಎಷ್ಟು ಗಂಟೆಗೆ ಆಯಿತು ಎಂದು ಕೇಳಿದರು.

"ಮುಂಜಾನೆ ಆರಕ್ಕ ಕೊಟ್ಟಾರಿ" ಎಂದರು ಅತ್ತೆ.

ನನ್ನ ಗಂಡ ನೆಲ ನೋಡಿದರು. ವೈದ್ಯೆ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

ಈ ಬರಹದಲ್ಲಿ ಇಲ್ಲಿಯವರೆಗೆ ಎಷ್ಟೋ ಜನರ ಮೇಲೆ ಅಸಹ್ಯಪಟ್ಟಿದ್ದೇನೆ. ಆ ತಲೆಯಾಡಿಸಿದ್ದಕ್ಕೆ ಹೋಲಿಸಿದರೆ ಅವೆಲ್ಲ ಏನೂ ಅಲ್ಲ. ಅತ್ತೆಗೆ ಹೆದರಿ ಎಂದು ಬರೆದರೆ ಸುಳ್ಳಾಗುತ್ತದೆ. ನನಗೂ ಆ ನಕ್ಷತ್ರ ಬೇಕಿತ್ತು. ಮೂರು ಮಕ್ಕಳನ್ನು ಕಳೆದುಕೊಂಡವಳಿಗೆ ಆಸ್ಪತ್ರೆಯ ಬಾಗಿಲೂ ಬೇಕಾಗುತ್ತದೆ, ಜೋಯಿಸರ ಬಾಗಿಲೂ ಬೇಕಾಗುತ್ತದೆ. ಕೇಡು ಯಾವ ಕಡೆಯಿಂದ ಬಂದೀತೋ ಎಂದು ಎಲ್ಲ ಬಾಗಿಲನ್ನೂ ತಟ್ಟಬೇಕೆನಿಸುತ್ತದೆ. ಆರರಿಂದ ಒಂಬತ್ತಕ್ಕೆ ಮೂರೇ ಗಂಟೆ ಎಂದು ಲೆಕ್ಕ ಹಾಕಿದೆ. ಇಪ್ಪತ್ನಾಲ್ಕರಲ್ಲಿ ಮೂರು ಎಷ್ಟು ದೊಡ್ಡದೆಂದು ತರಗತಿಯಲ್ಲಿ ಹೇಳಬಲ್ಲವಳು ನಾನು.

ಸಂಜೆ ಆರರ ಹೊತ್ತಿಗೆ ಸಿಸ್ಟರ್ ಬಂದರು. ಅರಿವಳಿಕೆಯ ವೈದ್ಯರಿಗೆ ತೋರಿಸಲೆಂದು ನಮ್ಮ ಮನೆಯ ಕ್ಯಾಲೆಂಡರಿನಿಂದ ಆ ತಿಂಗಳ ಹಾಳೆಯನ್ನು ಹರಿದು ಮಡಿಸಿ ತಂದಿದ್ದರು. ಡ್ಯೂಟಿಯಲ್ಲಿದ್ದ ನರ್ಸ್ ಹಿಂದೆ ಅವರ ಕೈಕೆಳಗೆ ಕಲಿತವರಂತೆ. ಎದ್ದು ನಿಂತು ನನ್ನ ಕೇಸ್ ಶೀಟನ್ನು ಅವರ ಕೈಗೆ ಕೊಟ್ಟರು. ಸಿಸ್ಟರ್ ಓದಿದರು. ಮೂಗಿನ ಹೊಳ್ಳೆ ನಿಧಾನವಾಗಿ ಮೇಲೇರಿತು.

ನನ್ನ ಹಾಸಿಗೆಯ ಪಕ್ಕಕ್ಕೆ ಬಂದು ನಿಂತರು. ಅತ್ತೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು.

"ಕೊನೇದು ಎಷ್ಟು ಗಂಟೆಗೆ?"

ಅತ್ತೆಯವರು ಹೋಗಿ ಕೇಳಿಕೊಂಡು ಬಂದಿದ್ದಾರೆ, ಆಶ್ಲೇಷಾ ಬಂದರೆ, ಎಂದು ನಾನು ಶುರುಮಾಡಿದೆ.

"ಟೈಮ್ ಹೇಳು."

"ಒಂಬತ್ತು ಹತ್ತು" ಎಂದೆ.

"ಇದ್ರಲ್ಲಿ ಆರು ಅಂತ ಯಾರು ಬರೆಸಿದ್ದು?"

ಅವರು ನನ್ನ ಮುಖವನ್ನೇ ನೋಡಿದರು. ಗೊತ್ತಾಯಿತು. ಅಷ್ಟು ವರ್ಷದಲ್ಲಿ ಅವರ ಆ ಮುಖ ನನ್ನ ಕಡೆ ತಿರುಗಿದ್ದು ಅದೊಂದೇ ಸಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು.

"ನೀನೂನಾ?" ಎಂದರು.

ಅತ್ತೆ ಎದ್ದು ಬಂದರು. "ಅಲ್ರೀ ಸಿಸ್ಟರ್, ಮೂರು ತಾಸು ಆ ಕಡಿಗೆ ಈ ಕಡಿಗೆ ಆದ್ರ ಏನಾಗ್ತತಿ? ಹುಟ್ಟೋ ಕೂಸಿನ ಬಾಳೇವು ನೋಡಬೇಕೋ ಬ್ಯಾಡೋ?"

"ಬೆನ್ನಲ್ಲಿ ರಕ್ತ ತುಂಬ್ಕೊಂಡ್ರೆ ಇವಳಿಗೆ ಕಾಲು ಬರಲ್ಲ ಕಣಮ್ಮ. ಆಮೇಲೆ ಕೂಸನ್ನ ಎತ್ಕೊಂಡು ಓಡಾಡೋರು ಯಾರು, ನಿಮ್ಮ ಜೋಯಿಸ್ರಾ?"

ಅವರು ದನಿ ಏರಿಸಲಿಲ್ಲ. ಹಾಳೆಯನ್ನು ಬಿಡಿಸಿ ನರ್ಸಿನ ಮೇಜಿನ ಮೇಲೆ ಹರಡಿ, ಬುಧವಾರದ ಚೌಕದ ಮೇಲೆ ಉಗುರಿಲ್ಲದ ಬೆರಳಿಟ್ಟು, ಇದನ್ನು ಕೊಟ್ಟದ್ದು ನಾನು, ನನ್ನ ಕೈಬರಹ, ತಿದ್ದಿ ಎಂದರು. ಅತ್ತೆ ಕುರ್ಚಿಗೆ ಮರಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಅವರ ಅಳು ನಾಟಕವಾಗಿರಲಿಲ್ಲ ಎಂದು ಇಲ್ಲಿ ಬರೆಯಲೇಬೇಕು. ಮೂರು ಸಲವೂ ರಕ್ತವಾದ ನನ್ನ ಸೀರೆಗಳನ್ನು ಕೆಲಸದವಳ ಕೈಗೆ ಹಾಕದೆ ತಾವೇ ಒಗೆದವರು ಅವರು. ಆ ಪ್ರೀತಿಯೂ ಈ ಸುಳ್ಳೂ ಒಂದೇ ಕೈಯಿಂದ ಬಂದವು. ಅದನ್ನು ಬಿಡಿಸುವುದು ನನಗೆ ಇನ್ನೂ ಆಗಿಲ್ಲ.

ಆಪರೇಷನ್ ಮೊದಲಿನ ಹೊತ್ತಿಗೇ ಹೋಯಿತು. ಅರಿವಳಿಕೆಯ ವೈದ್ಯರು ಬೆನ್ನಿಗೆ ಚುಚ್ಚುವ ಮುಂಚೆ ನನ್ನನ್ನು ಇನ್ನೊಮ್ಮೆ ಕೇಳಿದರು. ಒಂಬತ್ತು ಹತ್ತು ಎಂದೆ. ಹನ್ನೊಂದು ಇಪ್ಪತ್ತೆರಡಕ್ಕೆ ಮಗಳು ಹುಟ್ಟಿದಳು. ಮಗುವಿನ ಅಳು ಕೇಳಿಸಿದಾಗ ನನಗೆ ನಂಬಿಕೆ ಬರದೆ, ಪಕ್ಕದ ಥಿಯೇಟರಿನದಿರಬೇಕು ಎಂದುಕೊಂಡೆ.

ಮರುದಿನದಿಂದ ಮತ್ತೆ ಇಂಜೆಕ್ಷನ್. ಮನೆಗೆ ಬಂದ ಮೇಲೆ ಸಿಸ್ಟರ್ ದಿನವೂ ಒಂಬತ್ತಕ್ಕೆ ಬಂದರು. ಕೈ ತೊಳೆದು, ಕೊಟ್ಟು, ಬರೆದು, ಹೋಗುತ್ತಿದ್ದರು. ಎರಡು ವಾರ ಬೇರೆ ಒಂದು ಮಾತಾಡಲಿಲ್ಲ. ಅತ್ತೆ ಅಂಟಿನುಂಡೆ ಕಟ್ಟಿ ತಂದಿಟ್ಟರೂ ಮುಟ್ಟಲಿಲ್ಲ. ನಾನು ಒಂದು ದಿನ ತಡೆಯಲಾರದೆ, ಅವತ್ತಿನದು ತಪ್ಪಾಯಿತು ಎಂದೆ. ಅವರು ಹತ್ತಿಯನ್ನು ಒತ್ತಿ ಹಿಡಿದುಕೊಂಡೇ, ತಮ್ಮ ಇಪ್ಪತ್ತಾರನೇ ವಯಸ್ಸಿನ ಒಂದು ಮಧ್ಯಾಹ್ನದ ಸಂಗತಿ ಹೇಳಿದರು. ಬಾಣಂತಿಯೊಬ್ಬಳಿಗೆ ಇಂಜೆಕ್ಷನ್ ಕೊಟ್ಟು, ಹೊತ್ತು ಬರೆಯದೆ, ಟೀ ಆರಿಹೋಗುತ್ತದೆ ಎಂದು ಎದ್ದು ಹೋದರಂತೆ. ಬಂದ ಇನ್ನೊಬ್ಬ ನರ್ಸ್, ಕೊಟ್ಟಿಲ್ಲ ಎಂದುಕೊಂಡು ಮತ್ತೊಂದು ಕೊಟ್ಟಳು. ಆ ಹೆಂಗಸು ಬದುಕಲಿಲ್ಲ. ನೀನು ಮೊದಲೇ ಕೊಟ್ಟಿದ್ದೆಯಾ ಎಂದು ಕೇಳಿದಾಗ ಸಿಸ್ಟರ್ ಇಲ್ಲವೆಂದು ತಲೆಯಾಡಿಸಿದರಂತೆ.

"ನಾನೂ ತಲೆ ಆಡಿಸ್ದೋಳೇ" ಎಂದರು. "ಟೀ ಬಿಟ್ಟೆ. ಅದು ಬಿಟ್ಟು ಇನ್ನೇನು ಮಾಡ್ಬಹುದಿತ್ತು ಹೇಳು."

ಹತ್ತಿ ತೆಗೆದು ನೋಡಿ, ರಕ್ತ ನಿಂತಿದೆ ಎಂದು ಎದ್ದರು.

ಇಪ್ಪತ್ತೊಂದನೇ ದಿನ ನಾಮಕರಣ. ಪೂಜೆಗೆ ಬಂದ ಅಯ್ಯನವರು ಜಾತಕ ಬರೆಯಲು ಜನನ ಸಮಯ ಕೇಳಿದರು. ಸಿಸ್ಟರ್ ಶಾಸ್ತ್ರಕ್ಕೆ ಬಂದವರಲ್ಲ. ಒಂಬತ್ತಾಯಿತೆಂದು ಚೀಲ ಹಿಡಿದು ಬಾಗಿಲ ಹೊರಗೆ, ಊದುಬತ್ತಿಯ ಹೊಗೆ ತಾಗದಂತೆ ನಿಂತಿದ್ದರು. ಅತ್ತೆ ನನ್ನ ಕಡೆ ನೋಡದೆ, ಆರು ಹತ್ತು ಎಂದರು. ಹಜಾರದಲ್ಲಿ ಮೂವತ್ತು ಜನ ನೆಂಟರಿದ್ದರು. ಚಕ್ಕುಲಿಯವರೂ ಇದ್ದರು, ಫೋನಿನವರೂ ಇದ್ದರು. ಜನರ ನಡುವೆ ದನಿ ತೆಗೆಯುವುದು ನನಗೆ ಹುಟ್ಟಿನಿಂದ ಬಾರದ ವಿದ್ಯೆ. ಪಾಠ ಮಾಡುವಾಗಲೂ ಹಲಗೆಯ ಕಡೆ ತಿರುಗಿಯೇ ಮಾತಾಡುವವಳು.

"ಹನ್ನೊಂದು ಇಪ್ಪತ್ತೆರಡು" ಎಂದೆ.

ಅಯ್ಯನವರು ಪೆನ್ನು ಎತ್ತಿದರು. ಹಾಗಾದರೆ ಆಶ್ಲೇಷಾ ಆಗುತ್ತದಲ್ಲ ಎಂದರು. ಆಗಲಿ ಎಂದೆ. ಯಾರೋ ಲೊಚಗುಟ್ಟಿದ ಸದ್ದು ಕೇಳಿಸಿತು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ನನ್ನ ಗಂಡ ಈ ಸಲ ನೆಲ ನೋಡಲಿಲ್ಲ. ಹೌದು, ಹನ್ನೊಂದು ಇಪ್ಪತ್ತೆರಡು ಎಂದರು. ಬಾಗಿಲ ಹೊರಗಿನಿಂದ ಸಿಸ್ಟರ್ ತಮ್ಮ ವಾಚು ತಟ್ಟಿ ತೋರಿಸಿ, "ಬಾ, ಲೇಟಾಯ್ತು" ಎಂದು ಒಳಕೋಣೆಗೆ ನಡೆದರು. ಅಷ್ಟೇ.

ನಲವತ್ತೆರಡನೇ ದಿನ, ಕೊನೆಯ ಇಂಜೆಕ್ಷನ್ ಆದ ಮೇಲೆ, ಬಳಸಿದ ಸೂಜಿಗಳ ಡಬ್ಬವನ್ನು ಮುಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಮಗುವನ್ನು ಎತ್ತಿಕೊಳ್ಳಿ ಎಂದೆ. ಮತ್ತೊಮ್ಮೆ ಕೈ ತೊಳೆದು ಬಂದು ಎತ್ತಿಕೊಂಡರು. ಮುದ್ದು ಮಾಡಲಿಲ್ಲ, ಅಂಗೈ ಬಿಡಿಸಿ, ಉಗುರು ನೋಡಿ, ಕತ್ತರಿಸು ಎಂದರು.

ಮಗಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವರ ಮೂತ್ರಪಿಂಡ ಕೈಕೊಟ್ಟಿತು. ತಂಗಿಯ ಮನೆಯವರು ಕೆಂಗೇರಿಗೆ ಕರೆದುಕೊಂಡು ಹೋದರು. ಬರುತ್ತೇನೆ ಎಂದು ಫೋನು ಮಾಡಿದರೆ ಒಪ್ಪುತ್ತಿರಲಿಲ್ಲ. "ನೋಡೋಕೆ ಬರೋದು ಅಂದ್ರೇನೇ ಗಲೀಜು" ಎಂದರು. ಅವರ ಮಾತು ಮೀರಬಾರದೆಂದು ನಾನು ಹೋಗಲಿಲ್ಲ. ಈಗ ಅನಿಸುತ್ತದೆ, ಮೀರಬೇಕಿತ್ತು.

ರಾತ್ರಿ ತೀರಿಕೊಂಡರೆಂಬ ಸುದ್ದಿ ಒಂದು ಶುಕ್ರವಾರ ಬೆಳಿಗ್ಗೆ ಬಂತು. ಮೆಟ್ರೋ ಹಿಡಿದು ಕೆಂಗೇರಿಗೆ ಹೋದೆ. ಹಜಾರದಲ್ಲಿ ಮಲಗಿಸಿದ್ದರು. ಅವರಿಗೆ ಆಗದ ಊದುಬತ್ತಿಯನ್ನು ಕಟ್ಟುಗಟ್ಟಲೆ ಹಚ್ಚಿ ತಲೆಯ ಹತ್ತಿರ ಸಿಕ್ಕಿಸಿದ್ದರು. ಹಾರಗಳ ಹೂವು ಬಾಡಿ ಕೊಳೆತ ಸಿಹಿ ವಾಸನೆ. ಸುತ್ತ ಕೂತವರು, ಪಾಪ, ಗಂಡ ಮಕ್ಕಳು ಇಲ್ಲದ ಜೀವ ಎನ್ನುತ್ತಿದ್ದರು. ನಾನು ಮುಖ ನೋಡಲಾರದೆ ಕೈ ನೋಡಿದೆ. ಹೊಟ್ಟೆಯ ಮೇಲೆ ಜೋಡಿಸಿದ್ದ ಆ ಹತ್ತು ಬೆರಳುಗಳಿಗೂ ಉಗುರು ಬೆಳೆದಿತ್ತು. ಹಳದಿಗಟ್ಟಿ, ಬಾಗಿ, ಅಡಿಯಲ್ಲಿ ಕಪ್ಪು ಗೆರೆ.

ತಂಗಿಯನ್ನು ಒಂದು ನೇಲ್ ಕಟರ್ ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಅವರ ಉಗುರು ಕತ್ತರಿಸುತ್ತೇನೆ ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶುಕ್ರವಾರ ಉಗುರು ತೆಗೆಯಬಾರದು ಎಂದರು ಒಬ್ಬರು. ಹೆಣದ ಉಗುರು, ಥೂ, ಎಂದರು ಇನ್ನೊಬ್ಬರು, ಸೆರಗನ್ನು ಮೂಗಿಗೆ ಒತ್ತಿಕೊಂಡು. ಎಲ್ಲರ ಬಾಯಿಯೂ ಒಂದು ಕಡೆಗೆ ಎಳೆದುಕೊಂಡಿತ್ತು. ಅಸಹ್ಯ ಅಷ್ಟು ಜನರ ಮುಖದಿಂದ ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ಅದೇ ಮೊದಲು.

"ಅವರಿಗೆ ಹೀಗಿದ್ದರೆ ಆಗುತ್ತಿರಲಿಲ್ಲ" ಎಂದೆ. ನನ್ನ ದನಿ ಹಜಾರದ ಕೊನೆಯವರೆಗೆ ಕೇಳಿಸಿತು.

ತಂಗಿ ಒಳಗೆ ಹೋಗಿ ತಂದುಕೊಟ್ಟರು. ಹೊರಗಿನ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದು ಬಂದು ಕೂತೆ. ಬೆರಳುಗಳು ತಣ್ಣಗಿದ್ದವು, ಯಾವಾಗಲೂ ಇರುತ್ತಿದ್ದ ಹಾಗೆಯೇ. ಬೆಳ್ಳಗಿನ ಅಂಚು ಉಳಿಯದಂತೆ ಒಂದೊಂದನ್ನೇ ಕತ್ತರಿಸಿ, ಚೂರುಗಳನ್ನು ಕಾಗದದಲ್ಲಿ ಕಟ್ಟಿ, ಮತ್ತೆ ಕೈ ತೊಳೆದೆ.

ಮನೆಗೆ ಬಂದವಳು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ, ಆ ಶುಕ್ರವಾರದ ಚೌಕದಲ್ಲಿ, ರಾಹುಕಾಲದ ಪಕ್ಕದ ಇಷ್ಟೇ ಜಾಗದಲ್ಲಿ ನೀಲಿ ಪೆನ್ನಿನಿಂದ ಬರೆದೆ: ಎರಡೂ ಕೈ, ಹನ್ನೊಂದು ನಲವತ್ತು.